ಬಚ್ಚಲೊಲೆಯ ಪಕ್ಕದ ಎರಡು ರಾತ್ರಿ

(ಹೆಸರು, ವಯಸ್ಸು, ಊರಿನ ಗುರುತುಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.)

ಜುಲೈ ಕೊನೆಯ ವಾರ, ಶಿರಸಿಯಲ್ಲಿ ಮಳೆ ಹಿಡಿದುಕೊಂಡಿದ್ದ ಮಧ್ಯಾಹ್ನ ಸುಧಾ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದಳು. ವಯಸ್ಸು 27, ಅಡಿಕೆ ತೋಟದ ಮನೆ, ಮನೆಯಲ್ಲೇ ಕುಳಿತು ಕಂಪನಿಯ ಕೆಲಸ. 12 ದಿನಗಳಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದಳು. ಏನಾಯಿತು ಎಂದರೆ ಬಹಳ ಹೊತ್ತು ಸುಮ್ಮನಿದ್ದಳು.

"ಹೇಳಿದರೆ ನೀವೂ ನಗುತ್ತೀರಿ ಮೇಡಂ. ಗೆಳತಿಯ ಇಲಿ ಸತ್ತುಹೋಯಿತು. ನನ್ನ ಕೈಯಲ್ಲಿ."

ಗೆಳತಿ ಶಿರಸಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವವಳು. ತಂದೆಯ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗುವಾಗ ಚಿನ್ನಿ, ಬೆಳ್ಳಿ ಎಂಬ ಎರಡು ಹೆಣ್ಣಿಲಿಗಳನ್ನು ಪಂಜರದ ಸಮೇತ ಸುಧಾಳ ಮನೆಯಲ್ಲಿ ಬಿಟ್ಟಿದ್ದಳು. ಎರಡಕ್ಕೂ ಎರಡು ವರ್ಷ ದಾಟಿತ್ತು. ಸಾಕಿದ ಇಲಿಯ ಆಯುಸ್ಸೇ ಎರಡು-ಮೂರು ವರ್ಷ. ಚಿನ್ನಿಗೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಹಿಡಿದ ಹಳೆಯ ಶ್ವಾಸಕೋಶದ ಕಾಯಿಲೆ. ಸಾಕಿದ ಇಲಿಗಳಲ್ಲಿ ಇದು ತೀರಾ ಸಾಮಾನ್ಯ. ಔಷಧದಿಂದ ಹತೋಟಿಗೆ ಬರುತ್ತದೆಯೇ ಹೊರತು ಪೂರ್ತಿ ವಾಸಿಯಾಗುವುದಿಲ್ಲ. ಪಶುವೈದ್ಯರು ಬರೆದುಕೊಟ್ಟ ಡಾಕ್ಸಿಸೈಕ್ಲಿನನ್ನು ದಿನಕ್ಕೆ ಎರಡು ಸಲ ಬಾಳೆಹಣ್ಣಿನ ಚೂರಿನಲ್ಲಿ ಕಲಸಿ ಕೊಡಬೇಕಿತ್ತು. ಹಾಲು, ಮೊಸರು ಸೋಕಿಸುವಂತಿರಲಿಲ್ಲ, ಸೋಕಿದರೆ ಆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಹನ್ನೊಂದನೆಯ ದಿನದ ಬೆಳಗಿನ ಜಾವ ಚಿನ್ನಿ ಬಾಯಿ ತೆರೆದು ಉಸಿರೆಳೆಯತೊಡಗಿತು. ಇಲಿ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಬಾಯಿ ತೆರೆಯಿತೆಂದರೆ ಜೀವಕ್ಕೆ ಅಪಾಯ ಬಂದಿದೆ ಎಂದೇ ಅರ್ಥ. ಬೆಳಕು ಹರಿಯುತ್ತಲೇ ಹೊರಟರೂ ವೈದ್ಯರಲ್ಲಿಗೆ ಮುಟ್ಟುವ ಮೊದಲು ಅವಳ ಮಡಿಲಿನ ಟವೆಲ್ಲಿನಲ್ಲೇ ಪ್ರಾಣ ಹೋಯಿತು. ಫೋನ್ ಮಾಡಿದಾಗ ಗೆಳತಿ "ಸರಿ" ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಒಂದು ಸಂದೇಶವೂ ಇಲ್ಲ.

ಮನೆಯಲ್ಲಿ ಹೇಳಿಕೊಳ್ಳುವಂತಿರಲಿಲ್ಲ. ತೋಟದ ಮನೆಗೆ ಇಲಿ ಎಂದರೆ ಶತ್ರು. ಅಟ್ಟದ ಮೇಲೆ ಬೋನು, ಮೂಲೆಯಲ್ಲಿ ಪಾಷಾಣ. "ಇಲಿ ಸತ್ತದ್ದಕ್ಕೆ ಅಳುವುದೇ?" ಎಂದು ಚಿಕ್ಕಪ್ಪ ನಕ್ಕಿದ್ದರು. ಅವರನ್ನು ನಾನು ದೂರುವುದಿಲ್ಲ, ವರ್ಷವರ್ಷವೂ ಇಲಿಯಿಂದ ಫಸಲು ಕಳೆದುಕೊಂಡವರು ಅವರು. ಆದರೆ ಸುತ್ತಲಿನವರು ದುಃಖವೆಂದೇ ಒಪ್ಪದ ದುಃಖ ಒಳಗೇ ಕೊಳೆಯುತ್ತದೆ. ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲೇ ಇಂಥ ದುಃಖವನ್ನು ಬೇರೆಯಾಗಿ ಗುರುತಿಸಿ ಬರೆದರು. ಸುಧಾಳದ್ದು ಇನ್ನೂ ಬಿಗಿಯಾದ ಸ್ಥಿತಿ. ಸತ್ತದ್ದು ಅವಳ ಇಲಿಯೂ ಅಲ್ಲ. ಅಳುವ ಹಕ್ಕು ಗೆಳತಿಯದು, ತನ್ನದು ತಪ್ಪು ಮಾತ್ರ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು.

ಎರಡನೆಯ ಭೇಟಿಗೆ ಅವಳು ಒಂದು ನೋಟ್‌ಬುಕ್ ತಂದಳು. ಅದನ್ನು ನಾನು ಸಾವಕಾಶವಾಗಿ ಓದಿದೆ. ಪ್ರತಿದಿನ ಸ್ಟೀಲ್ ಡಬ್ಬಿಯಲ್ಲಿ ಕೂರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಲೆಕ್ಕ: 286 ಗ್ರಾಂ, 281, 274, 263. ಔಷಧ ಕೊಟ್ಟ ಗಂಟೆ, ತಿಂದದ್ದೆಷ್ಟು, ಬಿಟ್ಟದ್ದೆಷ್ಟು. "ಮೂಗಿನ ಸುತ್ತ ಕೆಂಪು, ಒದ್ದೆ ಬಟ್ಟೆಯಲ್ಲಿ ಒರೆಸಿದೆ" ಎಂದು ಮೂರು ಕಡೆ. ಆ ಕೆಂಪು ರಕ್ತವಲ್ಲ, ಕಾಯಿಲೆಯಲ್ಲೋ ಒತ್ತಡದಲ್ಲೋ ಇಲಿಯ ಕಣ್ಣಿನ ಹಿಂದಿನ ಗ್ರಂಥಿಯಿಂದ ಹೆಚ್ಚಾಗಿ ಒಸರುವ ಬಣ್ಣ ಎಂಬುದನ್ನೂ ಓದಿಕೊಂಡು ಬದಿಯಲ್ಲಿ ಬರೆದಿಟ್ಟಿದ್ದಳು. ಒಂಬತ್ತು ಮತ್ತು ಹತ್ತನೆಯ ದಿನಗಳಲ್ಲಿ ಮಾತ್ರ ಬರೀ ತೂಕವಿತ್ತು. ಕೆಳಗೆ ಏನೋ ಬರೆದು, ಕಾಗದ ಹರಿಯುವಷ್ಟು ಗೀಚಿ ಅಳಿಸಿದ್ದಳು.

"ಈ ಎರಡು ದಿನ?" ಎಂದು ಕೇಳಿದೆ.

ಆಗ ಹೊರಬಿತ್ತು. ಮಹಡಿಯ ಕೋಣೆಯಲ್ಲಿ ಶೀತ ಹೊಡೆದು ಹಾಸೂ ಒಣಗುತ್ತಿರಲಿಲ್ಲ. ಬೆಚ್ಚಗಿರಲಿ ಎಂದು ಎರಡು ರಾತ್ರಿ ಪಂಜರವನ್ನು ಬಚ್ಚಲೊಲೆಯ ಪಕ್ಕ ಇಟ್ಟಿದ್ದಳು. ಮಳೆಗಾಲದ ಹಸಿ ಕಟ್ಟಿಗೆ, ಹೊಗೆ. ಇದನ್ನು ಗೆಳತಿಗೆ ಹೇಳಿರಲಿಲ್ಲ.

"ನಿನ್ನ ತಪ್ಪಲ್ಲ" ಎನ್ನುವುದು ನನಗೆ ಸುಲಭವಿತ್ತು. ಹೇಳಲಿಲ್ಲ. ಕೆಟ್ಟಿರುವ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲ. ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದವಳ ಎದುರು ಸುಳ್ಳು ಸಮಾಧಾನ ಹೇಳಿದರೆ ಅವಳು ಮತ್ತೆ ಒಂಟಿಯಾಗುತ್ತಾಳೆ. ಬದಲಿಗೆ ನೋಟ್‌ಬುಕ್ಕಿನ ಮೊದಲ ಎಂಟು ದಿನಗಳ ತೂಕವನ್ನು ಗಟ್ಟಿಯಾಗಿ ಓದಿಸಿದೆ. ಇಳಿತ ಮೊದಲ ದಿನದಿಂದಲೇ ಇತ್ತು, ಒಲೆಯ ಪಕ್ಕಕ್ಕೆ ಹೋಗುವುದಕ್ಕೂ ಮೊದಲೇ. ಹೊಗೆಯಿಂದ ಕಷ್ಟ ಹೆಚ್ಚಿರಬಹುದು. ಕಾಯಿಲೆ ಹೊಗೆಯಿಂದ ಬಂದದ್ದಲ್ಲ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು, ಒಂದನ್ನು ಬಿಟ್ಟು ಇನ್ನೊಂದನ್ನಲ್ಲ ಎಂದೆ.

ಗೆಳತಿಗೆ ಪತ್ರ ಬರೆಯಲು ಸೂಚಿಸಿದೆ. ನಡೆದದ್ದು ನಡೆದ ಕ್ರಮದಲ್ಲಿ ಇರಲಿ, ಬಚ್ಚಲೊಲೆಯೂ ಇರಲಿ. ಕ್ಷಮೆ ಒಂದೇ ಸಲ ಕೇಳು. "ನನ್ನನ್ನು ದ್ವೇಷಿಸುತ್ತೀಯಾ" ಎಂಬಂಥ ಪ್ರಶ್ನೆ ಬೇಡ. ತಂದೆಯ ಹಾಸಿಗೆಯ ಪಕ್ಕ ಕುಳಿತವಳ ಮೇಲೆ ನಿನ್ನನ್ನು ಸಂತೈಸುವ ಭಾರವನ್ನೂ ಹೊರಿಸಬೇಡ. ನೋಟ್‌ಬುಕ್ಕಿನ ಪುಟಗಳ ಫೋಟೊ ಜೊತೆಗೆ ಕಳುಹಿಸು. ಬೆಳ್ಳಿಯ ಬಗ್ಗೆಯೂ ಬರೆ: ಇಲಿ ಒಂಟಿಯಾಗಿ ಬಾಳುವ ಜೀವವಲ್ಲ, ಈಗ ಏನು ಮಾಡಲಿ ಎಂದು ಕೇಳು. ಅಲ್ಲಿಯವರೆಗೆ ದಿನವೂ ಸಂಜೆ ಒಂದು ಗಂಟೆ ಅದರೊಂದಿಗೆ ಕುಳಿತುಕೋ.

ಆಯಿಗೆ, ಎಂದರೆ ತನ್ನ ತಾಯಿಗೆ, ಇಲಿಜ್ವರದ (ಲೆಪ್ಟೊಸ್ಪೈರೋಸಿಸ್) ಭಯ ಎಂದು ಸುಧಾ ಬೇಸರದಿಂದ ಹೇಳಿದಳು. ಆ ಭಯ ಸುಳ್ಳಲ್ಲ. ಇಲಿಜ್ವರ ಸೋಂಕುಳ್ಳ ಪ್ರಾಣಿಯ ಮೂತ್ರದಿಂದ, ಚರ್ಮದ ಗಾಯದ ಮೂಲಕವೂ ಹರಡುತ್ತದೆ. ಲಕ್ಷಣಗಳು ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ 30 ದಿನಗಳೊಳಗೆ ಕಾಣಿಸುತ್ತವೆ. ಪಂಜರ ತೊಳೆಯುವಾಗ ಕೈಗವಸು, ಆಮೇಲೆ ಸಾಬೂನು, ಜ್ವರ ಬಂದರೆ ವೈದ್ಯರಿಗೆ ಇಲಿ ಸಾಕಿದ ವಿಷಯವನ್ನು ಮೊದಲೇ ಹೇಳುವುದು, ಇಷ್ಟನ್ನು ಆಯಿಯ ಎದುರಿಗೇ ಹೇಳಲು ತಿಳಿಸಿದೆ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರ ಮನೆಯಲ್ಲಿ ಈ ಮಾತನ್ನು ಅಸಡ್ಡೆ ಮಾಡುವುದು ಸಲ್ಲದು.

ಕಾಯಿಲೆಯ ಪ್ರಾಣಿಯನ್ನು ನೋಡಿಕೊಳ್ಳಲು ಒಪ್ಪುವವರು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕಾದ ಮಾತುಗಳೂ ಇವೆ. ರಾತ್ರಿ ಕೆಟ್ಟರೆ ಯಾವ ವೈದ್ಯರು? ಖರ್ಚು ಎಷ್ಟರವರೆಗೆ? ಇನ್ನು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದರೆ ನೋವಿಲ್ಲದ ಸಾವಿಗೆ ಒಪ್ಪಿಗೆ ಕೊಡುವವರು ಯಾರು? ಸುಧಾಳಿಗೆ ಇದಾವುದನ್ನೂ ಗೆಳತಿ ಹೇಳಿರಲಿಲ್ಲ. ಆ ಲೋಪ ಗೆಳತಿಯದೂ ಹೌದು. ತಂದೆಯ ಚಿಂತೆಯಲ್ಲಿ ಆದದ್ದು, ಆದರೂ ಹೌದು.

ಹೊರಡುವ ಮುನ್ನ ಸುಮ್ಮನೆ ಕೇಳಿದೆ, ಚಿನ್ನಿಯನ್ನು ಹೂತವರು ಯಾರು?

"ಅಪ್ಪ" ಎಂದಳು. ತಾನು ಕೈಗತ್ತಿ ಹಿಡಿದುಕೊಂಡು ನಿಂತಿದ್ದಾಗ ಅವರೇ ಹಾರೆ ತಂದರು. ಮಳೆಯಲ್ಲೇ ದಾಸವಾಳದ ಗಿಡದ ಬುಡದಲ್ಲಿ ಮೊಣಕಾಲುದ್ದ ಅಗೆದರು. ನಾಯಿ ಕೆದಕಬಾರದೆಂದು ಮೇಲೊಂದು ಚಪ್ಪಟೆ ಕಲ್ಲು ಹೇರಿದರು. ಒಂದು ಮಾತೂ ಆಡಲಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ನಿಂತಿತು. ಮೂಲೆಯಲ್ಲಿ ಪಾಷಾಣ ಇಡುವವರು ಅವರೇ.

ಪತ್ರ ಹೋಗಿ ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ರಾತ್ರಿ ಗೆಳತಿ ಫೋನ್ ಮಾಡಿದಳಂತೆ. ಒಲೆಯ ವಿಷಯಕ್ಕೆ ಕೋಪವಿದೆ ಎಂದಳು, ಅತ್ತಳು, ಆಮೇಲೆ ಚಿನ್ನಿ ಕೊನೆಯ ಸಂಜೆ ಏನು ತಿಂದಿತು ಎಂದು ಕೇಳಿದಳು. ಅರ್ಧ ಚೂರು ಬಾಳೆಹಣ್ಣು ಎಂದು ಸುಧಾ ನೋಟ್‌ಬುಕ್ ನೋಡಿ ಹೇಳಿದಳು. ಬೆಳ್ಳಿ ಈಗ ಗೆಳತಿಯ ಮನೆಯಲ್ಲಿದೆ, ಸುಧಾ ವಾರಕ್ಕೆ ಎರಡು ಸಂಜೆ ಅಲ್ಲಿಗೆ ಹೋಗುತ್ತಾಳೆ.