ಹಳ್ಳದ ಪಕ್ಕದ ಮನೆ: ನೀರು ಎಷ್ಟು ಏರಿದಾಗ ಹೊರಡಬೇಕು?

ಬೆಟ್ಟದ ಬುಡದಲ್ಲಿ, ಹಳ್ಳದಿಂದ ಮೂವತ್ತು ಹೆಜ್ಜೆ ದೂರದಲ್ಲಿ ಮನೆಯಿದೆ ಎಂದಿದ್ದೀರಿ. ನೀರು ಎಷ್ಟು ಏರಿದರೆ ಹೊರಡಬೇಕು, ಹೇಗೂ ಕಾರಿದೆಯಲ್ಲ, ಕಣಿವೆಯ ರಸ್ತೆ ಹಿಡಿದು ಇಳಿದುಬಿಟ್ಟರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಓದಿ ನನಗೆ ದಿಗಿಲಾಯಿತು. ಬೆಟ್ಟದ ಹಳ್ಳಗಳ ಪಕ್ಕ ವರ್ಷಗಟ್ಟಲೆ ಬದುಕಿದವನಾಗಿ ಹೇಳುತ್ತೇನೆ: ನೀರು ಏರುವುದನ್ನು ಕಾಯಬೇಡಿ, ಕಾರು ಹತ್ತಬೇಡಿ. ನಡೆದು ಮೇಲಕ್ಕೆ ಹೋಗಿ.

ಬಯಲಿನ ದೊಡ್ಡ ನದಿ ಉಕ್ಕಲು ದಿನಗಳು ಬೇಕು, ಅಲ್ಲಿ ನೀರಿನ ಮಟ್ಟ ನೋಡುತ್ತಾ ಕೂರಬಹುದು. ಬೆಟ್ಟದಲ್ಲಿ ಆ ಪುರಸೊತ್ತಿಲ್ಲ. ಗಂಟೆಗೆ 100 ಮಿಲಿಮೀಟರ್ ಮಳೆ ಸುರಿದರೆ ಅದನ್ನು ಮೇಘಸ್ಫೋಟ ಎನ್ನುತ್ತಾರೆ. ಅಷ್ಟು ಮಳೆ ಹತ್ತು ಚದರ ಕಿಲೋಮೀಟರ್ ಜಾಗದಲ್ಲಿ ಬಿದ್ದರೆ ನೂರು ಕೋಟಿ ಲೀಟರ್ ನೀರಾಗುತ್ತದೆ. ನೆಲ ಮೊದಲೇ ನೆನೆದಿದ್ದರೆ ಇಂಗುವುದು ಅಲ್ಪ, ಮಿಕ್ಕದ್ದೆಲ್ಲ ಇಳಿಜಾರಿನಲ್ಲಿ ಜಾರಿ ಆ ಒಂದೇ ಹಳ್ಳಕ್ಕೆ ಬರಬೇಕು. ನಿಮ್ಮ ಅಂಗಳದಲ್ಲಿ ತುಂತುರು ಇರುವಾಗಲೇ ಮೇಲಿನ ಶಿಖರದಲ್ಲಿ ಇದೆಲ್ಲ ನಡೆದಿರಬಹುದು.

ಇನ್ನು ಕಾರಿನ ಮಾತು. ಅಮೆರಿಕದ ಕೊಲರಾಡೊದಲ್ಲಿ ಬಿಗ್ ಥಾಂಪ್ಸನ್ ಎಂಬ ಕಿರಿದಾದ ಕಣಿವೆಯಿದೆ. 1976ರ ಜುಲೈ 31ರ ಸಂಜೆ ಅದರ ಮೇಲ್ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 30 ಸೆಂಟಿಮೀಟರ್ ಮಳೆ ಸುರಿಯಿತು. ಸತ್ತವರು 140ಕ್ಕೂ ಹೆಚ್ಚು. ಕಾರಿನಲ್ಲಿ ನೀರಿಗಿಂತ ಮುಂಚೆ ಕಣಿವೆ ದಾಟಲು ಹೊರಟ ಅನೇಕರು ಅದರಲ್ಲಿದ್ದರು. ವಾಹನವನ್ನು ಅಲ್ಲೇ ಬಿಟ್ಟು ಪಕ್ಕದ ಇಳಿಜಾರು ಹತ್ತಿದವರು ಉಳಿದರು. ಪ್ರವಾಹ ಬಂದರೆ ಮೇಲಕ್ಕೆ ಹತ್ತಿ ಎಂಬ ಫಲಕಗಳು ಈಗ ಅಂಥ ಕಣಿವೆಗಳ ರಸ್ತೆಬದಿಯಲ್ಲಿವೆ. ಬೆಟ್ಟದ ರಸ್ತೆ ಹೆಚ್ಚಾಗಿ ಹಳ್ಳದ ದಂಡೆಯಲ್ಲೇ ಸಾಗುತ್ತದೆ ನೋಡಿ, ನೀವು ಕೆಳಕ್ಕೆ ಓಡಿಸಿದರೆ ನೀರು ಹೋಗುವ ದಾರಿಯಲ್ಲೇ ಓಡಿಸಿದಂತೆ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು ದೊಡ್ಡವರನ್ನೂ ಕೆಡವಬಲ್ಲದು, 30 ಸೆಂಟಿಮೀಟರ್ ಸಣ್ಣ ಕಾರನ್ನು ಎಳೆದೊಯ್ಯಬಲ್ಲದು, 60 ಸೆಂಟಿಮೀಟರ್ ಆದರೆ ಹೆಚ್ಚಿನ ವಾಹನಗಳು ನಿಲ್ಲುವುದಿಲ್ಲ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಮೋರಿ ಕೊಚ್ಚಿಹೋಗಿದೆಯೋ ಕಾಣುವುದೂ ಇಲ್ಲ.

ಒಂದು ಸೂಚನೆಯನ್ನು ಮಾತ್ರ ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ. ನಾನು ಚಿಕ್ಕವನಿದ್ದಾಗ ಒಮ್ಮೆ ಮಳೆ ಹಾಗೇ ಸುರಿಯುತ್ತಿತ್ತು, ಹಳ್ಳದ ಮೊರೆತ ಮಾತ್ರ ಇದ್ದಕ್ಕಿದ್ದಂತೆ ತಗ್ಗಿತು. ಮುಳುಗಿದ್ದ ಬಂಡೆಗಳು ಮತ್ತೆ ಕಂಡವು. ಇಳಿಯಿತಲ್ಲ ಎಂದು ದಂಡೆಗೆ ಹೋಗಿ ನಿಂತಿದ್ದೆ. ಪಕ್ಕದ ಮನೆಯ ಅಜ್ಜ ರಟ್ಟೆ ಹಿಡಿದು ದಿಣ್ಣೆಗೆ ಎಳೆದೊಯ್ದರು. ಮೇಲೆಲ್ಲೋ ಗುಡ್ಡ ಕುಸಿದು ಹಳ್ಳಕ್ಕೆ ಅಡ್ಡ ಬಿದ್ದಿತ್ತು. ಅದು ಒಡೆದಾಗ ಬಂದದ್ದು ನೀರಿಗಿಂತ ಹೆಚ್ಚಾಗಿ ಮಣ್ಣು, ಮರದ ದಿಮ್ಮಿ, ಬಂಡೆ. ನಾನು ನಿಂತಿದ್ದ ಜಾಗ ಮರುದಿನ ಅಲ್ಲಿರಲಿಲ್ಲ. ಮಳೆ ನಿಲ್ಲದೆ ಹಳ್ಳ ಇಳಿದರೆ ಅದು ಓಡಬೇಕಾದ ಹೊತ್ತು. ನೀರು ಏಕಾಏಕಿ ರಾಡಿಯಾದರೆ, ಬೇರುಸಮೇತ ಗಿಡಗಳು ತೇಲಿ ಬಂದರೆ, ಬಂಡೆ ಉರುಳುವ ಗುಡುಗುಡು ಕೇಳಿದರೆ ಕೂಡ ಹಾಗೆಯೇ, ಒಂದು ನಿಮಿಷವನ್ನೂ ವ್ಯರ್ಥ ಮಾಡಬೇಡಿ.

ಮೇಲಕ್ಕೆ ಎಂದರೆ ಎಲ್ಲಿಗೆ? ಇದನ್ನು ಬಿಸಿಲಿರುವ ದಿನವೇ ತೀರ್ಮಾನಿಸಿ. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಒಮ್ಮೆ ನಡೆದು ನೋಡಿ, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ಕತ್ತಲಲ್ಲಿ, ಜಾರುವ ನೆಲದಲ್ಲಿ ಅದರ ಎರಡರಷ್ಟಾದರೂ ಬೇಕಾದೀತು. ಎರಡು ಏರುಗಳ ನಡುವಿನ ತಗ್ಗು ಬೇಡ, ಕೆಸರು ಇಳಿಯುವುದು ಅಲ್ಲೇ. ಉಬ್ಬಿ ನಿಂತ ಏಣಿನ ಮೇಲೆ ಜಾಗ ಹುಡುಕಿ. ಅಲ್ಲಿಗೆ ಹೋಗಲು ಹಳ್ಳ ದಾಟಬೇಕಿದ್ದರೆ ಆ ಜಾಗ ಲೆಕ್ಕಕ್ಕಿಲ್ಲ. ನೀವು ಹೊರಡುವ ಮೊದಲೇ ಕೆಸರು ಬಂದುಬಿಟ್ಟರೆ ಅದರ ಮುಂದೆ ಕೆಳಕ್ಕೆ ಓಡಬೇಡಿ, ಹರಿವಿಗೆ ಅಡ್ಡವಾಗಿ ಪಕ್ಕದ ಏರಿಗೆ ಓಡಿ.

ರಾತ್ರಿಯದ್ದೇ ನನಗೆ ಹೆಚ್ಚು ಭಯ. 2010ರ ಆಗಸ್ಟ್‌ನಲ್ಲಿ ಲಡಾಖ್‌ನ ಲೇಹ್‌ನಲ್ಲಿ ಮೇಘಸ್ಫೋಟವಾಗಿ, 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು, ಜನ ಮಲಗಿದ್ದಾಗಲೇ ಅನಾಹುತವಾಯಿತು. ನಿದ್ದೆಯಲ್ಲಿರುವವರಿಗೆ ನಾನು ಹೇಳಿದ ಯಾವ ಸೂಚನೆಯೂ ಕಾಣದು, ಕೇಳದು. ರೆಡ್ ಅಲರ್ಟ್ ಇದ್ದ ದಿನ ಸಂಜೆ ಬೆಳಕಿರುವಾಗಲೇ ಎತ್ತರದಲ್ಲಿರುವ ಪರಿಚಯದವರ ಮನೆಗೆ ಹೋಗಿ ಮಲಗಿ. ಹತ್ತು ಸಲ ಹೋಗಿ ಏನೂ ಆಗದಿದ್ದರೆ ಸಂತೋಷಪಡಿ, ಹನ್ನೊಂದನೆಯ ಸಲವೂ ಹೋಗಿ. ಹಳ್ಳದ ಮೇಲಿನ ಮನೆಗಳವರ ಫೋನ್ ನಂಬರ್ ಇರಲಿ. ಟವರ್ ಕೈಕೊಡಬಹುದು, ಆದ್ದರಿಂದ ಸೀಟಿಯೋ ಗಂಟೆಯೋ ಏನಾದರೊಂದು ಗುರುತನ್ನೂ ಅವರೊಡನೆ ಮಾತಾಡಿಕೊಳ್ಳಿ. ವಯನಾಡಿನಲ್ಲಿ ಮೊದಲ ಕುಸಿತದ ನಂತರ ಬೆಳಗಾಗುವ ಮುಂಚೆಯೇ ಮತ್ತೊಂದಾಯಿತು. ಹಾಗಾಗಿ ಒಂದು ಸಲ ಹೊರಬಿದ್ದ ಮೇಲೆ ದಾಖಲೆಪತ್ರ, ಒಡವೆ ಎಂದು ವಾಪಸು ಬರಬೇಡಿ. ಅವುಗಳ ಚೀಲ ಮಳೆಗಾಲವಿಡೀ ಬಾಗಿಲ ಬಳಿಯೇ ಇರಲಿ.

ಮನೆಯ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದಾರೆಯೇ ಎಂದು ನೀವು ಬರೆದಿಲ್ಲ. ಕಡಿದಿದ್ದರೆ ಆ ಬದಿಯ ಕೋಣೆಯಲ್ಲಿ ಮಳೆಗಾಲದಲ್ಲಿ ಯಾರನ್ನೂ ಮಲಗಿಸಬೇಡಿ. ನಾಳೆಯೇ ಮೇಲೆ ಹತ್ತಿ ನೆಲದಲ್ಲಿ ಬಿರುಕಿದೆಯೇ, ಮರಗಳು ವಾಲಿವೆಯೇ, ಹೊಸದಾಗಿ ಒರತೆ ಎದ್ದಿದೆಯೇ ನೋಡಿ. ಇವುಗಳಲ್ಲಿ ಒಂದು ಕಂಡರೂ ಮುಂದಿನ ಮಳೆಗೆ ಮೊದಲೇ ಮನೆ ಖಾಲಿ ಮಾಡಿ, ಸ್ಥಳೀಯ ಆಡಳಿತಕ್ಕೆ ತಿಳಿಸಿ.