ಬೋರ್ಡಿನ ಮೇಲೆ ಒಂದೇ ನಂಬರು, ಒಳಗೆ ಐದು ಫೋನು: ಹಂಟ್ ಗ್ರೂಪ್ ಹೇಗೆ ಹಾಕಿಸಬೇಕು?

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಎರಡು ಲ್ಯಾಂಡ್‌ಲೈನ್, ಬೋರ್ಡಿನ ಮೇಲೆ ಒಂದೇ ನಂಬರು. ಒಳಗೆ ಐದು ಫೋನು: ಕೌಂಟರಿನಲ್ಲಿ ಎರಡು, ಲೆಕ್ಕದ ಮೇಜಿನ ಮೇಲೆ ಒಂದು, ಗೋಡೌನಿನಲ್ಲಿ ಒಂದು, ನಿಮ್ಮ ಕ್ಯಾಬಿನ್ನಿನಲ್ಲಿ ಒಂದು. "ಎಷ್ಟು ಸಲ ಫೋನ್ ಮಾಡಿದ್ರೂ ಯಾರೂ ಎತ್ತಲ್ಲ" ಅಂತ ಗಿರಾಕಿಗಳು ಬೇಸರ ಮಾಡಿಕೊಳ್ಳುತ್ತಿದ್ದಾರೆ. ಇಂಟರ್‌ಕಾಮ್ ಹಾಕುವವರು ಬಂದು "ಹಂಟ್ ಗ್ರೂಪ್ ಮಾಡ್ತೀನಿ ಸಾರ್, ಸಾಲಾಗಿ ಬೇಕಾ, ಸುತ್ತಾಗಿ ಬೇಕಾ, ಎಲ್ಲಾ ಒಟ್ಟಿಗೆ ಹೊಡ್ಕೋಬೇಕಾ" ಅಂತ ಕೇಳಿದ್ದಾರೆ. ಹಂಟ್ ಗ್ರೂಪ್ ಅಂದರೆ ಒಂದು ಕರೆಗೆ ಸರದಿಯಂತೆ ಇಲ್ಲವೇ ಒಟ್ಟಿಗೆ ರಿಂಗ್ ಆಗುವ ಫೋನುಗಳ ಗುಂಪು. ಯಾವುದು ಒಳ್ಳೆಯದು ಅನ್ನುವುದು ನಿಮ್ಮ ಪ್ರಶ್ನೆ.

ನಾನು ಇಪ್ಪತ್ತು ವರ್ಷದಿಂದ ಅಂಗಡಿ, ಲಾಡ್ಜು, ನರ್ಸಿಂಗ್ ಹೋಮುಗಳಿಗೆ ಇಂಟರ್‌ಕಾಮ್ ಹಾಕಿಕೊಡುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಹಾಕಿಸುತ್ತೇನೆ: ಮೊದಲು ಕೌಂಟರಿನ ಎರಡೂ ಫೋನು ಒಟ್ಟಿಗೆ ರಿಂಗ್ ಆಗಲಿ. 15 ಸೆಕೆಂಡಿನಲ್ಲಿ ಯಾರೂ ಎತ್ತದಿದ್ದರೆ ಲೆಕ್ಕದ ಮೇಜು, ಗೋಡೌನು ಎರಡೂ ಸೇರಿಕೊಳ್ಳಲಿ. 35ನೇ ಸೆಕೆಂಡಿಗೆ ನಿಮ್ಮ ಕ್ಯಾಬಿನ್ನಿನ ಫೋನು. ಆದರೆ ಇದನ್ನು ಹಾಕಿಸುವ ಮುಂಚೆ ಕರೆ ಎಲ್ಲಿ ಸಾಯುತ್ತಿದೆ ಅಂತ ಹುಡುಕಿ. ಎಷ್ಟೋ ಕಡೆ ಆ ಕರೆ ಒಳಗಿನ ಫೋನುಗಳವರೆಗೆ ಬಂದೇ ಇರುವುದಿಲ್ಲ.

ಹಂಟಿಂಗ್, ಅಂದರೆ ಕರೆ ಖಾಲಿ ಲೈನನ್ನೋ ಫೋನನ್ನೋ ಹುಡುಕಿಕೊಂಡು ಹೋಗುವುದು, ಎರಡು ಕಡೆ ನಡೆಯುತ್ತದೆ, ಇದನ್ನು ಮೊದಲು ತಿಳಿದುಕೊಳ್ಳಿ. ಒಂದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ನಿಮ್ಮ ಬೋರ್ಡಿನ ನಂಬರು ಪೈಲಟ್ ನಂಬರು. ಅದರಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಎಕ್ಸ್‌ಚೇಂಜು ಕರೆಯನ್ನು ಎರಡನೇ ಲೈನಿಗೆ ಕಳಿಸುತ್ತದೆ. ಇದಕ್ಕೆ ಕಂಪನಿಗೆ ಅರ್ಜಿ ಕೊಡಬೇಕು, ನಿಮ್ಮ ಟೆಕ್ನಿಶಿಯನ್ ಕೈಯಲ್ಲಿ ಇದಿಲ್ಲ. ಎರಡನೆಯದು ನಿಮ್ಮ ಇಪಿಎಬಿಎಕ್ಸ್ ಡಬ್ಬದೊಳಗೆ (ಹೊರಗಿನ ಲೈನುಗಳನ್ನು ಒಳಗಿನ ಫೋನುಗಳಿಗೆ ಜೋಡಿಸುವ ಇಂಟರ್‌ಕಾಮ್ ಡಬ್ಬ): ಒಳಗೆ ಬಂದ ಕರೆ ಯಾವ ಯಾವ ಒಳಗಿನ ಫೋನಿಗೆ, ಅಂದರೆ ಎಕ್ಸ್‌ಟೆನ್ಶನ್‌ಗೆ ಹೋಗಬೇಕು ಅನ್ನುವುದು. ಟೆಕ್ನಿಶಿಯನ್ ಕೇಳುತ್ತಿರುವುದು ಈ ಎರಡನೆಯದರ ಬಗ್ಗೆ ಮಾತ್ರ.

ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಇದೇ ವಿಷಯದಲ್ಲಿ ಮೂರು ದಿನ ಒದ್ದಾಡಿದ್ದೇನೆ. ನಾಲ್ಕು ಲೈನು, ಹಂಟಿಂಗ್ ಇತ್ತು. ರೋಗಿಗಳ ಮನೆಯವರು "ರಿಂಗ್ ಆಗುತ್ತೆ, ಎತ್ತಲ್ಲ" ಅನ್ನುತ್ತಿದ್ದರು. ರಿಸೆಪ್ಶನ್ ಹುಡುಗಿಯರು "ಇಲ್ಲಿ ರಿಂಗೇ ಆಗಲ್ಲ ಸಾರ್" ಅನ್ನುತ್ತಿದ್ದರು. ಪಾಪ, ಅವರಿಗೆ ದಿನಾ ಬೈಗುಳ. ನಾನು ಪ್ರೋಗ್ರಾಮಿಂಗ್ ಎಲ್ಲ ಅಳಿಸಿ ಮತ್ತೆ ಬರೆದೆ, ಏನೂ ಬದಲಾಗಲಿಲ್ಲ. ಕೊನೆಗೆ ಗೋಡೆಯ ಕ್ರೋನ್ ಬಾಕ್ಸ್ (ಹೊರಗಿನ ತಂತಿಗಳು ಬಂದು ಸೇರುವ ಪೆಟ್ಟಿಗೆ) ತೆಗೆದು ಟೆಸ್ಟ್ ಫೋನ್ ಹಾಕಿ ಒಂದೊಂದೇ ಲೈನ್ ಕೇಳುತ್ತಾ ಹೋದೆ. ಎರಡನೆಯದರಲ್ಲಿ ಡಯಲ್ ಟೋನೇ ಇಲ್ಲ. ಹೊರಗೆ ಚರಂಡಿ ಕೆಲಸಕ್ಕೆ ಅಗೆದಾಗ ಕೇಬಲ್ಲಿನ ಒಂದು ಜೊತೆ ತಂತಿ ತುಂಡಾಗಿತ್ತು.

ತಂತಿ ತುಂಡಾದ ಲೈನನ್ನು ಎಕ್ಸ್‌ಚೇಂಜು ಖಾಲಿ ಲೈನು ಅಂತಲೇ ತಿಳಿಯುತ್ತದೆ. ರಿಸೀವರ್ ಎತ್ತಿದಾಗ ಲೈನಿನಲ್ಲಿ ಕರೆಂಟ್ ಹರಿಯುತ್ತದೆ. ಹರಿಯದಿದ್ದರೆ ಯಾರೂ ಮಾತಾಡುತ್ತಿಲ್ಲ ಅಂತ ಲೆಕ್ಕ. ಹಾಗಾಗಿ ಮೊದಲ ಲೈನು ಬಿಜಿ ಆದ ಕೂಡಲೇ ಮುಂದಿನ ಕರೆ ಆ ಸತ್ತ ತಂತಿಗೆ ಹೋಗುತ್ತಿತ್ತು. ಮೂರನೆಯದು, ನಾಲ್ಕನೆಯದು ಚೆನ್ನಾಗಿದ್ದರೂ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಮಾಡಿದವರ ಕಿವಿಗೆ ಮಾತ್ರ ರಿಂಗ್ ಕೇಳಿಸುತ್ತಿತ್ತು.

ನೀವು ಇವತ್ತೇ ಈ ಪರೀಕ್ಷೆ ಮಾಡಿ. ಮೊದಲ ಲೈನಿನಿಂದ ನಿಮ್ಮ ಮೊಬೈಲಿಗೆ ಕರೆ ಮಾಡಿ, ಎತ್ತಿ ಹಾಗೇ ಇಟ್ಟುಕೊಳ್ಳಿ. ಇನ್ನೊಂದು ಮೊಬೈಲಿನಿಂದ ಬೋರ್ಡಿನ ನಂಬರಿಗೆ ಕರೆ ಮಾಡಿ. ಎಂಗೇಜ್ ಬಂದರೆ ಎಕ್ಸ್‌ಚೇಂಜಿನ ಹಂಟಿಂಗ್ ಇಲ್ಲ ಅಂತ ಅರ್ಥ. ಕಿವಿಯಲ್ಲಿ ರಿಂಗ್ ಕೇಳಿಸಿ ಅಂಗಡಿಯಲ್ಲಿ ಸದ್ದೇ ಇಲ್ಲ ಅಂದರೆ ಎರಡನೇ ಲೈನು ಸತ್ತಿರಬಹುದು, ಇಲ್ಲವೇ ಡಬ್ಬದಲ್ಲಿ ಆ ಲೈನಿಗೆ ಲ್ಯಾಂಡಿಂಗ್ (ಬಂದ ಕರೆ ಯಾವ ಫೋನಿಗೆ ಹೋಗಬೇಕು ಅನ್ನುವುದು) ಹಾಕಿರುವುದಿಲ್ಲ. ಐದು ನಿಮಿಷದ ಕೆಲಸ, ಅದೂ ಬಿಟ್ಟಿ.

ಇನ್ನೊಂದು ಲೆಕ್ಕವೂ ಇದೆ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಒಳಗೆ ಐದು ಫೋನಿದ್ದರೂ ನಿಮ್ಮ ಹತ್ತಿರ ಇರುವುದು ಎರಡೇ ಲೈನು. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞರು 1917ರಲ್ಲಿ ಒಂದು ಸೂತ್ರ ಕೊಟ್ಟರು. ಇಷ್ಟು ಕರೆ ಬಂದರೆ, ಇಷ್ಟು ಲೈನು ಇದ್ದರೆ, ಎಷ್ಟು ಜನಕ್ಕೆ ಎಂಗೇಜ್ ಸಿಗುತ್ತದೆ ಅನ್ನುವ ಲೆಕ್ಕ. ಟೆಲಿಫೋನ್ ಕೆಲಸದಲ್ಲಿ ಇವತ್ತಿಗೂ ಅದೇ ನಡೆಯುತ್ತದೆ. ಬಿತ್ತನೆ ಹೊತ್ತಿನಲ್ಲಿ ನಿಮಗೆ ಗಂಟೆಗೆ 20 ಕರೆ, ಒಂದೊಂದು ಮೂರು ನಿಮಿಷ ಅಂದುಕೊಳ್ಳಿ. ಪಾರ್ಟ್ ನಂಬರ್ ಹುಡುಕುವಷ್ಟರಲ್ಲಿ ಮೂರು ನಿಮಿಷ ಆಗೇ ಆಗುತ್ತದೆ, ಅಲ್ವಾ? ಎರಡು ಲೈನಿಗೆ ಆ ಸೂತ್ರ ಹೇಳುವುದು: ಐದರಲ್ಲಿ ಒಂದು ಕರೆಗೆ ಎಂಗೇಜ್. ಮೂರನೇ ಲೈನ್ ತೆಗೆದುಕೊಂಡರೆ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ನಾಲ್ಕನೆಯದಕ್ಕೆ ಸುಮಾರು ಅರವತ್ತೈದರಲ್ಲಿ ಒಂದು. ಹೊರಗೆ ಹೋಗುವ ಕರೆಗಳನ್ನೂ, ಹೋಲ್ಡ್‌ನಲ್ಲಿ ಇಟ್ಟ ಹೊತ್ತನ್ನೂ ಇದರಲ್ಲೇ ಸೇರಿಸಬೇಕು, ಅವೂ ಲೈನ್ ತಿನ್ನುತ್ತವೆ. ಎಂಗೇಜ್ ಆಗಿ ವಾಪಸ್ ಹೋದ ಗಿರಾಕಿಯನ್ನು ಒಳಗಿನ ಯಾವ ಹಂಟ್ ಗ್ರೂಪೂ ಹಿಡಿದು ತರಲಾರದು. ಒಂದು ವಾರ ಕೌಂಟರಿನಲ್ಲಿ ಹಾಳೆ ಇಟ್ಟು ಪ್ರತಿ ಕರೆಗೂ ಒಂದು ಗೆರೆ ಎಳೆಯಲು ಹೇಳಿ. ಎಂಗೇಜ್ ಬಂದವರ ಕರೆ ಈ ಹಾಳೆಗೆ ಸಿಗುವುದಿಲ್ಲ, ಆದರೂ ಒಂದು ಅಂದಾಜು ಬರುತ್ತದೆ. ಇಷ್ಟರಲ್ಲೇ ಗಂಟೆಗೆ ಇಪ್ಪತ್ತರ ಹತ್ತಿರ ಬಂದರೆ ಮೂರನೇ ಲೈನಿಗೆ ಅರ್ಜಿ ಹಾಕಿ.

ಈಗ ನಿಮ್ಮ ಪ್ರಶ್ನೆ. ಸಾಲಾಗಿ ಅಂದರೆ ಪ್ರತಿ ಕರೆಯೂ ಮೊದಲನೇ ಫೋನಿನಿಂದಲೇ ಶುರು. ಅಲ್ಲಿ ಎತ್ತದಿದ್ದರೆ, ಇಲ್ಲಾ ಬಿಜಿ ಇದ್ದರೆ, ಎರಡನೆಯದು, ಹೀಗೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದೊಂದು ಫೋನಿಗೆ 20 ಸೆಕೆಂಡು ಅಂದರೆ ಐದಕ್ಕೆ 100 ಸೆಕೆಂಡು. 2019ರ ನವೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಮಾಡಿದ ನಿಯಮದಲ್ಲಿ, ಯಾರೂ ಎತ್ತದ ಕರೆ ಮೊಬೈಲಿಗಾದರೆ 30 ಸೆಕೆಂಡು, ಲ್ಯಾಂಡ್‌ಲೈನಿಗಾದರೆ 60 ಸೆಕೆಂಡು ರಿಂಗ್ ಆಗುತ್ತದೆ. ಆಮೇಲೆ ಕರೆ ಕಡಿದುಹೋಗುತ್ತದೆ. ಅಂದರೆ ನಿಮ್ಮ ನಾಲ್ಕನೇ ಮತ್ತು ಐದನೇ ಫೋನಿಗೆ ಕರೆ ಬರುವುದೇ ಇಲ್ಲ! ಹೊಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಫೋನ್ ಹಿಡಿದ ರೈತ ಅಷ್ಟು ಹೊತ್ತು ಕಾಯುವುದೂ ಇಲ್ಲ. ನಮ್ಮ ದೇಶದ ಲ್ಯಾಂಡ್‌ಲೈನ್ ರಿಂಗು ಒಂದು ಸುತ್ತಿಗೆ 3 ಸೆಕೆಂಡು: ಟ್ರಿಣ್ ಟ್ರಿಣ್, ಆಮೇಲೆ ಬಿಡುವು. 15 ಸೆಕೆಂಡು ಅಂದರೆ ಐದು ಸಲ. ಕೈಯಲ್ಲಿರುವುದನ್ನು ಕೆಳಗಿಟ್ಟು ಬಂದು ಎತ್ತಲು ಅಷ್ಟು ಸಾಕು. ಶುರುವಿನಲ್ಲೇ "ನಮಸ್ಕಾರ, ಇಂಥ ಅಂಗಡಿಗೆ ಸ್ವಾಗತ" ಅಂತ ಡಬ್ಬವೇ ಕರೆ ಎತ್ತಿಕೊಂಡರೆ ಈ 60 ಸೆಕೆಂಡಿನ ಗಡುವು ಇಲ್ಲ. ಆದರೆ ಎತ್ತಿದ ಮೇಲೂ ಯಾರೂ ಮಾತಾಡದಿದ್ದರೆ ಗಿರಾಕಿಗೆ ಸಿಟ್ಟು ಜಾಸ್ತಿ ಬರುತ್ತದೆ.

ಸಾಲಾಗಿ ಇಟ್ಟರೆ ಇನ್ನೊಂದು ತೊಂದರೆ: ಮೊದಲನೇ ಫೋನಿನ ಮುಂದೆ ಕೂತವರು ಸವೆದುಹೋಗುತ್ತಾರೆ. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಗೆ ಹಾಕಿಕೊಟ್ಟಿದ್ದೆ. ಎರಡು ತಿಂಗಳಾದ ಮೇಲೆ ಸರ್ವಿಸಿಗೆ ಹೋದಾಗ ನೋಡಿದೆ, ಕೌಂಟರ್ ಹುಡುಗ ರಿಸೀವರನ್ನು ಬಿಲ್ ಬುಕ್ಕಿನ ಪಕ್ಕದಲ್ಲಿ ಮಲಗಿಸಿದ್ದ. ಮುಂದೆ ಆರು ಜನ ಗಿರಾಕಿಗಳು, ಒಬ್ಬ ನಟ್ಟು ಬೋಲ್ಟು ಅಳತೆ ಕೇಳುತ್ತಿದ್ದಾನೆ, ಇನ್ನೊಬ್ಬ ಪೈಪ್ ಎತ್ತಿ ಹಿಡಿದಿದ್ದಾನೆ. ರಿಸೀವರ್ ಎತ್ತಿಟ್ಟರೆ ಡಬ್ಬ ಅವನನ್ನು ಬಿಜಿ ಅಂದುಕೊಂಡು ಮುಂದಿನವರಿಗೆ ಕಳಿಸುತ್ತದೆ. ಅವನದು ಸೋಮಾರಿತನ ಅಲ್ಲ. ನಾನು ಅವನ ಕೆಲಸ ನೋಡದೆ ಪ್ರೋಗ್ರಾಮ್ ಮಾಡಿದ್ದೆ. ಅವತ್ತೇ ಬದಲಾಯಿಸಿದೆ.

ಸುತ್ತಾಗಿ ಅಂದರೆ ಹಿಂದಿನ ಕರೆ ಯಾರಿಗೆ ಹೋಗಿತ್ತೋ ಅವರ ಮುಂದಿನವರಿಂದ ಶುರು. ಎಲ್ಲರೂ ಒಂದೇ ಕೆಲಸ ಮಾಡುವ ಕಡೆ, ಉದಾಹರಣೆಗೆ ಆರ್ಡರ್ ಬರೆದುಕೊಳ್ಳುವ ನಾಲ್ಕು ಜನ ಇದ್ದರೆ, ಇದು ನ್ಯಾಯ. ನಿಮ್ಮಲ್ಲಿ ಬೇಡ. ಬೇರಿಂಗ್ ಕೇಳುವ ಕರೆ ಸುಮ್ನೆ ಲೆಕ್ಕದವರ ಹತ್ತಿರ ಹೋಗಿ ಅವರು "ಒಂದ್ನಿಮಿಷ, ಕೌಂಟರಿಗೆ ಕೊಡ್ತೀನಿ" ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ಐದೂ ಒಟ್ಟಿಗೆ ಹೊಡೆದುಕೊಂಡರೆ ಅಂಗಡಿ ತುಂಬ ಗಲಾಟೆ. ಪ್ರತಿಯೊಬ್ಬರೂ ಇನ್ನೊಬ್ಬರು ಎತ್ತುತ್ತಾರೆ ಅಂದುಕೊಳ್ಳುತ್ತಾರೆ. ಅದಕ್ಕೇ ಮೇಲೆ ಹೇಳಿದ ಹಾಗೆ ಎರಡರಿಂದ ಶುರುಮಾಡಿ ಸೇರಿಸುತ್ತಾ ಹೋಗುವುದು. ಕಂಪ್ಯೂಟರ್ ಮೇಲೆ ನಡೆಯುವ ಫ್ರೀಪಿಬಿಎಕ್ಸ್‌ನಲ್ಲಿ ಇಂಥದ್ದಕ್ಕೆ "ಮೆಮೊರಿ ಹಂಟ್" ಅಂತ ಹೆಸರಿದೆ: ಮೊದಲು ಒಂದು, ಆಮೇಲೆ ಒಂದು-ಎರಡು ಒಟ್ಟಿಗೆ, ಆಮೇಲೆ ಮೂರೂ. ನಿಮ್ಮ ಡಬ್ಬದಲ್ಲಿ ಏನು ಹೆಸರೇ ಇರಲಿ, "ಹಳೆಯ ಫೋನು ನಿಲ್ಲಬಾರದು, ಹೊಸದು ಸೇರಬೇಕು" ಅಂತ ಟೆಕ್ನಿಶಿಯನ್‌ಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ.

ದಯವಿಟ್ಟು ನಿಮ್ಮ ಮೊಬೈಲನ್ನು ಗ್ರೂಪಿನೊಳಗೆ ಸೇರಿಸಬೇಡಿ. ಎಲ್ಲರೂ ಕೇಳುವುದು ಇದನ್ನೇ. ಮಾಮೂಲಿ ಲ್ಯಾಂಡ್‌ಲೈನಿನ ಮೇಲೆ ಡಬ್ಬ ಹೊರಗೆ ಡಯಲ್ ಮಾಡಿದಾಗ ಆಚೆ ಕಡೆಯವರು ನಿಜವಾಗಿ ಎತ್ತಿದರೋ ಇಲ್ಲವೋ ಅಂತ ಅದಕ್ಕೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಡಯಲ್ ಮುಗಿದ ತಕ್ಷಣ "ಎತ್ತಿದರು" ಅಂದುಕೊಳ್ಳುತ್ತದೆ, ಒಳಗಿನ ಫೋನುಗಳ ರಿಂಗು ನಿಂತುಹೋಗುತ್ತದೆ. ನಿಮ್ಮ ಮೊಬೈಲ್ ಸ್ವಿಚ್ಡ್ ಆಫ್ ಇದ್ದರೆ ಗಿರಾಕಿಗೆ ಆ ಸಂದೇಶವೇ ಗತಿ. ಅದಕ್ಕಿಂತ ಕಷ್ಟ, ಒಂದು ಲೈನಿನಲ್ಲಿ ಬಂದ ಕರೆ ಇನ್ನೊಂದು ಲೈನಿನಲ್ಲಿ ಹೊರಗೆ ಹೋಗುವುದು. ಇರುವ ಎರಡೂ ಲೈನು ಒಬ್ಬನೇ ಗಿರಾಕಿಗೆ ಮುಗಿದವು. ಮೊಬೈಲಿಗೆ ಬರಲೇಬೇಕು ಅಂದರೆ ರಾತ್ರಿ ಮತ್ತು ಭಾನುವಾರಕ್ಕೆ ಮಾತ್ರ, ಗ್ರೂಪಿನ ಹೊರಗೆ, ಬೇರೆಯಾಗಿ ಇಡಿ. ಮುಂದೆ ಎಂದಾದರೂ ಸಿಪ್ ಲೈನಿಗೆ (ಇಂಟರ್ನೆಟ್ ತಂತ್ರದ ಮೇಲೆ ನಡೆಯುವ ಫೋನ್ ಲೈನು) ಬದಲಾದರೆ ಈ ತೊಂದರೆ ಅಷ್ಟು ಕಾಡುವುದಿಲ್ಲ. ಅಲ್ಲಿ ಮೊಬೈಲ್ ಎತ್ತಿದವರು 1 ಒತ್ತಿದ ಮೇಲೇ ಕರೆ ಕೊಡುವ ಹಾಗೆ ಮಾಡಬಹುದು.

ಹಾಗೇ ಕಾಲ್ ಪಿಕಪ್ ಕೋಡ್ ಕೇಳಿ ಹಾಕಿಸಿಕೊಳ್ಳಿ. ಕೌಂಟರಿನ ಫೋನು ಬಡಿದುಕೊಳ್ಳುತ್ತಿದ್ದರೆ ಲೆಕ್ಕದವರು ಎದ್ದು ಓಡದೆ ತಮ್ಮ ಫೋನಿನಲ್ಲೇ ಎರಡು ಗುಂಡಿ ಒತ್ತಿ ಎಳೆದುಕೊಳ್ಳಬಹುದು. ಗೋಡೌನಿಗೆ ಜೋರು ಬೆಲ್ ಬೇಕು, ಅಲ್ಲಿ ಸಾಮಾನು ಇಳಿಸುವ ಸದ್ದಿಗೆ ಮಾಮೂಲಿ ಫೋನು ಕೇಳಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಟೆಕ್ನಿಶಿಯನ್ ಹೊರಡುವ ಮುಂಚೆ ಒಂದು ಹಾಳೆ ಬರೆಸಿಕೊಳ್ಳಿ: ಯಾವ ಎಕ್ಸ್‌ಟೆನ್ಶನ್ ನಂಬರು ಯಾರದು, ಗ್ರೂಪಿನಲ್ಲಿ ಯಾರ್ಯಾರು, ಎಷ್ಟೆಷ್ಟು ಸೆಕೆಂಡು, ಪಿಕಪ್ ಕೋಡು, ರಾತ್ರಿ ಹೊತ್ತಿನ ಸೆಟ್ಟಿಂಗಿಗೆ (ನೈಟ್ ಮೋಡ್) ಹಾಕುವುದು ಹೇಗೆ, ಪ್ರೋಗ್ರಾಮಿಂಗ್ ಪಾಸ್‌ವರ್ಡ್ ಏನು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ನಿಮ್ಮ ಲೆಕ್ಕದ ಫೈಲಿನಲ್ಲಿ ಇಡಿ, ಪಾಸ್‌ವರ್ಡ್ ಬಿಟ್ಟು ಉಳಿದಿದ್ದರ ಒಂದು ಪ್ರತಿಯನ್ನು ಡಬ್ಬದ ಮುಚ್ಚಳದ ಒಳಗೆ ಅಂಟಿಸಿ. ಡಬ್ಬ ಯಾವ ಕಂಪನಿಯದು, ಯಾವ ಮಾಡೆಲ್ ಅಂತ ಇಲ್ಲೇ ಬರೆದರೆ ಅದರಲ್ಲಿ ಈ ಸೇರಿಸುತ್ತಾ ಹೋಗುವ ರಿಂಗು ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ.