ಮಣ್ಣು ಸುರಿಯುವ ದುಡ್ಡು, ಮೋರಿ ಕಟ್ಟುವ ದುಡ್ಡು

(ಗೌರಿಬಿದನೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: "ಕೆರೆ ಕೋಡಿ ಬಿದ್ದು ನಮ್ಮೂರ ರಸ್ತೆಯ ಮೋರಿ ಕೊಚ್ಚಿಹೋಯಿತು. ವಿಪತ್ತು ಪರಿಹಾರದ ಹಣಕ್ಕೆ ಕೊರತೆಯಿಲ್ಲ ಎಂದು ಪತ್ರಿಕೆಗಳಲ್ಲಿ ಓದಿದೆವು. ಹದಿನೈದು ದಿನ ಕಾದ ಮೇಲೆ ಬಂದದ್ದು ಎಂಟು ಟಿಪ್ಪರ್ ಗ್ರಾವೆಲ್. ಮುಂದಿನ ಮಳೆಗೆ ಅದೂ ಹೋಯಿತು. ಕೋಟಿಗಳನ್ನು ತಿಂದವರು ಯಾರು?")

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಕೈಸೇರಿದ ವಾರವೇ ಚಿಕ್ಕಬಳ್ಳಾಪುರದಿಂದ ಆ ಕಡೆಗೆ ಹೋಗುವ ಕೆಲಸ ಬಿತ್ತು. ಮೋರಿಯ ಹತ್ತಿರ ಸ್ಕೂಟರ್ ನಿಲ್ಲಿಸಿ ನೋಡಿದೆ. ಹಾಲಿನ ವಾಹನ ಆಚೆ ದಡದಲ್ಲೇ ನಿಂತಿತ್ತು. ಡೇರಿಯ ಇಬ್ಬರು ಹುಡುಗರು ಕ್ಯಾನಿನ ಒಂದೊಂದು ಕಿವಿ ಹಿಡಿದು ಹಳ್ಳಕ್ಕೆ ಇಳಿದು ಹತ್ತುತ್ತಿದ್ದರು. ಒಡೆದ ಹ್ಯೂಮ್ ಪೈಪ್ ಹೊಂಗೆ ಮರದ ಬುಡಕ್ಕೆ ಒರಗಿಕೊಂಡಿತ್ತು. ಅದರೊಳಗೆ ಜಾಲಿ ಮುಳ್ಳು, ಗೊಬ್ಬರದ ಚೀಲ, ಯಾರದೋ ಒಂದು ಚಪ್ಪಲಿ.

ತಿಂದವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಯಾರೂ ಒಂದು ಕಾಸು ತಿನ್ನದಿದ್ದರೂ ನಿಮಗೆ ಬರುತ್ತಿದ್ದದ್ದು ಗ್ರಾವೆಲ್ಲೇ. ಆ ಹಣ ಇರುವುದೇ ಅಷ್ಟಕ್ಕೆ.

ರಾಜ್ಯ ವಿಪತ್ತು ಸ್ಪಂದನಾ ನಿಧಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಇರುವ ನಿಧಿ. ಕರ್ನಾಟಕದಂಥ ರಾಜ್ಯಕ್ಕೆ ಇದರಲ್ಲಿ ಕೇಂದ್ರದ ಪಾಲು ನೂರಕ್ಕೆ 75, ನಮ್ಮದು 25. ರಸ್ತೆಗಳ ವಿಷಯದಲ್ಲಿ ಇದರ ಮಾನದಂಡ ಹೇಳುವುದು 'ತಕ್ಷಣದ ಸ್ವರೂಪದ' ದುರಸ್ತಿಯನ್ನು ಮಾತ್ರ: ಕೊರಕಲು, ಗುಂಡಿ ಮುಚ್ಚುವುದು, ನೀರು ಹೋಗಲು ಪೈಪ್ ಹಾಕುವುದು, ಒಡೆದ ಮೋರಿಗೆ ತೇಪೆ, ಸೇತುವೆ ಹೋಗಿದ್ದರೆ ಪಕ್ಕದಲ್ಲಿ ಬದಲಿ ದಾರಿ. ಬಸ್ಸು ಓಡಬೇಕು, ಅಷ್ಟೇ. ಹೊಸ ಮೋರಿ, ಹೊಸ ಡಾಂಬರು ಇದರ ಲೆಕ್ಕಕ್ಕೆ ಬರುವುದಿಲ್ಲ.

ದರವನ್ನೂ ಕೇಳಿ. ರಾಜ್ಯವು ತನ್ನದೇ ನಿರ್ವಹಣಾ ದರ ಪ್ರಕಟಿಸಿರದಿದ್ದರೆ ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗೆ ಕಿಲೋಮೀಟರಿಗೆ 1 ಲಕ್ಷ, ಹಳ್ಳಿ ರಸ್ತೆಗೆ 60,000 ರೂಪಾಯಿ ಎಂದು ಕೇಂದ್ರ ಗೃಹ ಸಚಿವಾಲಯದ 2015ರ ಮಾನದಂಡ ಹೇಳಿತ್ತು. ಹಳ್ಳಿ ರಸ್ತೆಯ ದರವನ್ನು ಭಾಗಿಸಿ ನೋಡಿ, ಮೀಟರಿಗೆ ಅರವತ್ತು ರೂಪಾಯಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಮಾರುಕಟ್ಟೆಯಲ್ಲಿ ಆ ದುಡ್ಡಿಗೆ ಒಂದು ಮಾರು ಕನಕಾಂಬರ ಸಿಗುವುದಿಲ್ಲ.

ಪ್ರತಿ ಮಳೆಗಾಲದಲ್ಲೂ ಮಂತ್ರಿಗಳು ಬಂದು "ಜಿಲ್ಲಾಧಿಕಾರಿಗಳ ಪಿ.ಡಿ. ಖಾತೆಯಲ್ಲಿ ಸಾಕಷ್ಟು ಹಣವಿದೆ" ಎನ್ನುತ್ತಾರೆ. ಅದು ಸುಳ್ಳಲ್ಲ. ವಿಪತ್ತಿನ ಖರ್ಚಿಗೆಂದು ಜಿಲ್ಲಾಧಿಕಾರಿಯ ಹೆಸರಲ್ಲಿರುವ ಆ ಸರ್ಕಾರಿ ಖಾತೆಯಿಂದಲೇ ಬಿದ್ದ ಮನೆಗೆ, ಸತ್ತ ಹಸುವಿಗೆ, ಕೊಳೆತ ರಾಗಿಗೆ, ಕುಡಿಯುವ ನೀರಿಗೆ ಎಲ್ಲಕ್ಕೂ ಹೋಗಬೇಕು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಪತ್ರಿಕೆಯವರಾದ ನಾವೂ ಮೊತ್ತವನ್ನು ದಪ್ಪಕ್ಷರದಲ್ಲಿ ಹಾಕಿ ಸುಮ್ಮನಾಗುತ್ತೇವೆ. ನಿಮ್ಮನ್ನು ದಾರಿ ತಪ್ಪಿಸಿದ್ದರಲ್ಲಿ ನಮ್ಮ ಪಾಲೂ ಇದೆ.

ಹಾಗಾದರೆ ಮೋರಿ ಕಟ್ಟುವ ದುಡ್ಡು ಎಲ್ಲಿದೆ? 15ನೇ ಹಣಕಾಸು ಆಯೋಗ ವಿಪತ್ತಿನ ಹಣವನ್ನು ಪಾಲು ಮಾಡುವಾಗ ಪರಿಹಾರಕ್ಕೆ ನೂರಕ್ಕೆ 40, ಪುನರ್ನಿರ್ಮಾಣಕ್ಕೆ 30, ಸಿದ್ಧತೆಗೆ 10, ಅನಾಹುತ ಮತ್ತೆ ಆಗದಂತೆ ತಡೆಯುವ ಕೆಲಸಕ್ಕೆ 20 ಎಂದು ಬೇರೆ ಬೇರೆ ಗಂಟು ಕಟ್ಟಿತು. ನಿಮ್ಮ ಮೋರಿಯ ಬಾಗಿಲು ಇರುವುದು ಎರಡನೆಯ ಇಲ್ಲವೇ ಕೊನೆಯ ಗಂಟಿನಲ್ಲಿ. ಅಲ್ಲಿ ಆಗದಿದ್ದರೆ ಇಲಾಖೆಯ ಸಾಮಾನ್ಯ ಬಜೆಟ್‌ನಲ್ಲಿ. ಅಂದಾಜುಪಟ್ಟಿ ಇಲ್ಲದೆ ಮೂರೂ ತೆರೆಯುವುದಿಲ್ಲ. ಗ್ರಾವೆಲ್ ಬಿದ್ದ ದಿನವೇ ಕಡತದಲ್ಲಿ 'ಸಂಪರ್ಕ ಪುನಃಸ್ಥಾಪಿಸಲಾಗಿದೆ' ಎಂದು ಬರೆದುಬಿಟ್ಟರೆ ಅಂದಾಜುಪಟ್ಟಿ ಕೇಳುವವರು ಯಾರು? ನನಗೆ ಸಿಟ್ಟು ಬರುವುದು ಇಲ್ಲಿ. 2021ರ ಆಗಸ್ಟ್‌ನಲ್ಲಿ ನಂದಿಬೆಟ್ಟದ ರಸ್ತೆ ಕುಸಿದಾಗ ಅದು ಸರಿಹೋಗುವವರೆಗೂ ಊರೆಲ್ಲ ಕೇಳುತ್ತಲೇ ಇತ್ತು. ಡಿಸೆಂಬರ್‌ನಲ್ಲಿ ಬೆಟ್ಟ ಪ್ರವಾಸಿಗರಿಗೆ ತೆರೆಯಿತು. ನಂದಿಗೆ ಭಾನುವಾರದ ಕಾರುಗಳಿದ್ದವು. ನಿಮ್ಮ ಮೋರಿಗೆ ಇರುವುದು ಹಾಲಿನ ಕ್ಯಾನು.

ಮೊದಲು ರಸ್ತೆ ಯಾರದೆಂದು ತಿಳಿಯಿರಿ. ಲೋಕೋಪಯೋಗಿ ಇಲಾಖೆಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ? ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದಾದರೆ ಊರ ಬಾಗಿಲಲ್ಲಿ ಫಲಕ ಇರುತ್ತದೆ. ಆ ಯೋಜನೆಯಲ್ಲಿ ಐದು ವರ್ಷದ ನಿರ್ವಹಣೆ ಗುತ್ತಿಗೆದಾರನದೇ. ನೆರೆಯ ಹಾನಿ ಅದರಲ್ಲಿ ಸೇರುತ್ತದೆಯೇ ಎಂಬುದಕ್ಕೆ ಕರಾರು ಪತ್ರ ನೋಡಬೇಕು. ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಆದ ಕೆಲಸದ ಅಳತೆಯನ್ನು ಎಂಜಿನಿಯರ್ ಬರೆದಿಡುವ ಅಳತೆ ಪುಸ್ತಕದ ಪ್ರತಿ ಕೇಳಿ. ತುರ್ತು ಕೆಲಸಕ್ಕೆ ಟೆಂಡರ್ ಇರಲಿಲ್ಲ ಎಂದು ಹೇಳಬಹುದು. ಸರ್ಕಾರ ವಿಪತ್ತು ಎಂದು ಘೋಷಿಸಿದಾಗ ರಾಜ್ಯದ ಪಾರದರ್ಶಕತೆ ಕಾಯ್ದೆಯೇ ಆ ವಿನಾಯಿತಿ ಕೊಡುತ್ತದೆ. ಆದರೆ ಅಳತೆ ಬರೆಯುವುದಕ್ಕೆ ವಿನಾಯಿತಿ ಇಲ್ಲ. ಸುರಿದ ಗ್ರಾವೆಲ್‌ನ ಮಾದರಿಯನ್ನು ಪಡೆಯುವ ಹಕ್ಕೂ ನಿಮಗಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಅದಕ್ಕೇ ಹೇಳಿದೆ.

ಒಂದು ಮಾತು ನಿಮಗೆ ರುಚಿಸಲಿಕ್ಕಿಲ್ಲ. ಮೋರಿಯಿಂದ ಮೇಲಕ್ಕೆ ಕೋಡಿ ಕಾಲುವೆಯ ಗುಂಟ ನಡೆದು ನೋಡಿದೆ. ಕೋಡಿಯ ಹತ್ತಿರ ಎತ್ತಿನ ಗಾಡಿ ತಿರುಗಿಸುವಷ್ಟು ಅಗಲವಿದ್ದ ಕಾಲುವೆ, ರಸ್ತೆ ಸೇರುವ ಹೊತ್ತಿಗೆ ನಾನು ದಾಟಿ ನೆಗೆಯಬಹುದಾದಷ್ಟಾಗಿದೆ. ಎರಡೂ ಕಡೆ ಬದು ಹಾಕಿ ಜೋಳ ಬೆಳೆದವರು ನಿಮ್ಮೂರಿನವರೇ. ಕೆರೆ ವರ್ಷಗಟ್ಟಲೆ ಬತ್ತಿದ್ದಾಗ ಯಾರಿಗೂ ಅದು ತಪ್ಪೆನಿಸಲಿಲ್ಲ. 2021ರ ನವೆಂಬರ್ ಮಳೆಯಲ್ಲಿ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದವು. ಈಗ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುವ ಕೆರೆಗಳಲ್ಲಿ ಮಳೆ ಬರುವ ಮೊದಲೇ ನೀರಿರುತ್ತದೆ. ಒಂದು ಜೋರು ಮಳೆಗೆ ಕೋಡಿ. ಹಳೆಯ ಅಳತೆಯ ಪೈಪನ್ನೇ ಮತ್ತೆ ಹೂತರೆ ವಿಪತ್ತು ನಿಧಿಗೆ ಪ್ರತಿ ವರ್ಷ ಕೆಲಸ ಸಿಗುತ್ತದೆ. ಕಾಲುವೆಯ ಸರ್ವೆಗೆ ತಹಶೀಲ್ದಾರರಿಗೆ ಅರ್ಜಿ ಕೊಡುವಾಗ ನಿಮ್ಮ ಸಹಿಯೇ ಮೊದಲು ಬೀಳಲಿ, ಊರವರ ಮುಖ ನೋಡಬೇಕಾದೀತೆಂದು ಹಿಂಜರಿಯಬೇಡಿ.

ಅಳತೆ ಪುಸ್ತಕದ ಪ್ರತಿ ಬಂದರೆ ಒಂದು ಸಾಲು ಬರೆಯಿರಿ. ಅದರಲ್ಲಿ ಪೈಪಿನ ವ್ಯಾಸ ಎಷ್ಟೆಂದು ಕಾಣಿಸಿದ್ದಾರೆ ನೋಡಬೇಕು. ಹೊಂಗೆ ಮರದ ಬುಡದಲ್ಲಿ ನಾನು ಟೇಪ್ ಹಿಡಿದು ಅಳೆದಾಗ ಎರಡಡಿ ಇತ್ತು.

— ಸಂಪಾದಕ